ಹದಿನಾಲ್ಕು ತಿರುವುಗಳ ಲೆಕ್ಕ: ಘಾಟಿಯ ಸೈಕಲ್ ಸವಾರಿ ಕುರಿತು ಓದುಗರ ಪ್ರಶ್ನೆಗಳು

ದೂರದ ಸೈಕಲ್ ಸವಾರಿಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಟಯರು, ದೀಪ, ರಾತ್ರಿಯ ನಿದ್ದೆ ಇತ್ಯಾದಿಗಳ ಬಗ್ಗೆ ಪತ್ರಗಳು ಬರಬಹುದೆಂದು ನಾನು ಎಣಿಸಿದ್ದೆ, ಆದರೆ ಬಂದವುಗಳಲ್ಲಿ ಹೆಚ್ಚಿನವು ಘಾಟಿಯ ಬಗ್ಗೆಯೇ ಇದ್ದವು. ಉಡುಪಿ, ಮಂಗಳೂರಿನವರ ಮಟ್ಟಿಗೆ ಇದು ಸಹಜವೇ. ನಮ್ಮ ಸೈಕಲ್ಲು ಪಡುವಣಕ್ಕೆ ಮುಖ ಮಾಡಿದರೆ ಸ್ವಲ್ಪ ಹೊತ್ತಿನಲ್ಲಿ ಕಡಲು ಸಿಗುತ್ತದೆ, ತೆಂಕು ಬಡಗಿಗೆ ಹೋದರೆ ಹೆದ್ದಾರಿಯ ಲಾರಿಗಳು ಸಿಗುತ್ತವೆ, ಮೂಡಣಕ್ಕೆ ತಿರುಗಿದರೆ ಎರಡು ಮೂರು ಗಂಟೆಗಳೊಳಗೆ ಘಟ್ಟ ಎದುರು ನಿಲ್ಲುತ್ತದೆ. ಈ ಬಾರಿ ಅವುಗಳಲ್ಲಿ ಆರು ಪತ್ರಗಳನ್ನು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ. ಉಡುಪಿಯಿಂದ ಬೈಂದೂರಿಗೆ ಹೋಗಿ ಬರುವುದು, ಅಂದರೆ ನೂರಮೂವತ್ತು ಕಿ.ಮೀ.ಗೂ ಹೆಚ್ಚು ದೂರ, ನನಗೆ ಕಷ್ಟವೆನಿಸುವುದಿಲ್ಲ. ಗಂಟೆಗೆ 25 ಕಿ.ಮೀ. ವೇಗವನ್ನು ಆರಾಮವಾಗಿ ಕಾಯ್ದುಕೊಳ್ಳುತ್ತೇನೆ. ಆದರೆ ಆಗುಂಬೆ ಘಾಟಿಯಲ್ಲಿ ಐದನೆಯ ತಿರುವಿಗೆ ಬರುವಷ್ಟರಲ್ಲಿ ಕಾಲು ನಡುಗಿ ಇಳಿದುಬಿಟ್ಟೆ. ಹೆದ್ದಾರಿಯಲ್ಲಿ ಸದಾ ನನ್ನ ಹಿಂದೆ ಉಳಿಯುವ ಗೆಳೆಯರು ನನ್ನನ್ನು ದಾಟಿ ಮಾತಾಡುತ್ತಲೇ ಮೇಲೆ ಹೋದರು. ನನ್ನಲ್ಲಿ ಶಕ್ತಿ ಸಾಲದೆ? (ಬ್ಯಾಂಕ್ ಉದ್ಯೋಗಿ, ಉಡುಪಿ)

ಉತ್ತರ: ಶಕ್ತಿ ಸಾಕಷ್ಟಿದೆ. ನಿಮ್ಮ ಗೆಳೆಯರು ಮಾತಾಡುತ್ತ ಹೋದರು ಎಂದು ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ, ಆದರೂ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ನೀವು 65 ಕಿಲೋ ತೂಗುತ್ತೀರಿ, ಸೈಕಲ್ಲು, ನೀರು, ಚೀಲ ಎಲ್ಲ ಸೇರಿ ಇನ್ನು 15 ಕಿಲೋ ಎಂದಿಟ್ಟುಕೊಳ್ಳಿ. ಬೈಂದೂರಿನ ದಾರಿಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿಯ ತಡೆ ಮತ್ತು ಟಯರಿನ ತಡೆ ಸೇರಿ ನಿಮ್ಮನ್ನು ಹಿಂದಕ್ಕೆ ಜಗ್ಗುವ ಬಲ ಸುಮಾರು ಒಂದೂವರೆ ಕಿಲೋ ಭಾರಕ್ಕೆ ಸಮ. ರಸ್ತೆ ನೂರು ಮೀಟರಿಗೆ ಏಳು ಮೀಟರು ಏರತೊಡಗಿದರೆ, ಅಂದರೆ ಏಳು ಶೇಕಡಾ ಏರು ಬಂದರೆ, ಗಾಳಿ ಲೆಕ್ಕಕ್ಕೇ ಇಲ್ಲದಂತಾಗಿ ಭೂಮಿಯ ಸೆಳೆತವೊಂದೇ ಐದೂವರೆ ಕಿಲೋ ಭಾರದಷ್ಟು ಬಲದಿಂದ ನಿಮ್ಮ ಸೀಟನ್ನು ಹಿಡಿದು ಎಳೆಯುತ್ತದೆ. ಇದಕ್ಕೆ ಟಯರಿನ ತಡೆಯನ್ನೂ ಕೂಡಿಸಿಕೊಂಡರೆ, ಹೆದ್ದಾರಿಯಲ್ಲಿ 25ರ ವೇಗ ಕೊಡುವ ಅದೇ ಶ್ರಮಕ್ಕೆ ಘಾಟಿಯಲ್ಲಿ ಸಿಗುವ ವೇಗ ಗಂಟೆಗೆ ಆರೂವರೆ ಕಿ.ಮೀ. ಮಾತ್ರ. ಇದು ಅವಸರದಲ್ಲಿ ನಡೆಯುವವನ ವೇಗಕ್ಕಿಂತ ತುಸು ಹೆಚ್ಚು, ಅಷ್ಟೇ. ನೀವು ಈ ಆರೂವರೆಯನ್ನು ಒಪ್ಪಿಕೊಳ್ಳಲಿಲ್ಲ. ಮೊದಲ ತಿರುವುಗಳಲ್ಲಿ ಹನ್ನೆರಡರ ವೇಗ ಇಟ್ಟುಕೊಂಡಿದ್ದರೆ, ನಿಮಗೆ ಅಭ್ಯಾಸವಿರುವ ಶ್ರಮದ ಸುಮಾರು ಇಮ್ಮಡಿಯನ್ನು ಕಾಲುಗಳಿಂದ ಕೇಳಿದ ಹಾಗಾಯಿತು. ಕಾಲುಗಳು ಅದನ್ನು ಕೆಲವು ನಿಮಿಷ ಕೊಡುತ್ತವೆ, ಆಮೇಲೆ ನಡುಗುತ್ತವೆ.

ಘಾಟಿ ಕೇಳುವ ಒಟ್ಟು ಶಕ್ತಿ ನಾವು ಹೆದರುವಷ್ಟಿಲ್ಲ. 80 ಕಿಲೋ ಭಾರವನ್ನು ಐನೂರು ಮೀಟರು ಮೇಲಕ್ಕೆತ್ತಲು, ನಮ್ಮ ಸ್ನಾಯುಗಳು ತಿಂದ ಆಹಾರದ ಕಾಲು ಭಾಗವನ್ನಷ್ಟೇ ಕೆಲಸವಾಗಿ ಪರಿವರ್ತಿಸುತ್ತವೆಂದು ಹಿಡಿದರೂ, ನಾನೂರು ಕ್ಯಾಲೊರಿಯೊಳಗೆ ಕೆಲಸ ಮುಗಿಯುತ್ತದೆ. ಬೆಳಗಿನ ಒಂದು ತಿಂಡಿ ಅದನ್ನು ಕೊಡುತ್ತದೆ. ಅಷ್ಟನ್ನು ಒಂದು ಗಂಟೆಗೂ ಮಿಕ್ಕಿ ಹರಡಿ ಕೊಡುತ್ತೇವೋ, ಅರ್ಧ ಗಂಟೆಯಲ್ಲಿ ಕೊಡಲು ಹೋಗುತ್ತೇವೋ ಎನ್ನುವುದರಲ್ಲಿ ಎಲ್ಲವೂ ಇದೆ.

ಹಾಗಾಗಿ ನನ್ನ ಸಲಹೆ ಘಾಟಿಯ ಬುಡದಿಂದ ಅಲ್ಲ, ಹೆಬ್ರಿಯಿಂದ ಆರಂಭವಾಗುತ್ತದೆ. ಹೆಬ್ರಿಯಿಂದ ಸೀತಾನದಿಯ ಬದಿಯ ಕಾಡುದಾರಿಯಲ್ಲಿ ಸೋಮೇಶ್ವರದವರೆಗೆ ನೆರಳಿದೆ, ತಂಪಿದೆ, ರಸ್ತೆ ಏರುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ. ಹೆಚ್ಚಿನವರು ಉಮೇದಿನಲ್ಲಿ ಓಡಿಸಿ ಘಾಟಿಗೆಂದು ಇಟ್ಟಿದ್ದ ಗಂಟನ್ನು ಅಲ್ಲಿಯೇ ಖರ್ಚು ಮಾಡಿಬಿಡುತ್ತಾರೆ. ಹೆಬ್ರಿಯಲ್ಲಿ ಎರಡು ಬಾಳೆಹಣ್ಣೋ ಒಂದು ಹಿಡಿ ಅವಲಕ್ಕಿಯೋ ತಿನ್ನಿ. ಎಣ್ಣೆ ಕುಡಿದ ಬನ್ಸು ಮತ್ತು ಗೋಳಿಬಜೆಗಳನ್ನು ಮೇಲೆ ಹೋದ ಮೇಲೆ ತಿನ್ನಬಹುದು. ಸೋಮೇಶ್ವರದಲ್ಲಿ ಇಳಿದು ಐದು ನಿಮಿಷ ನಿಲ್ಲಿ. ಮೊದಲ ಎರಡು ತಿರುವುಗಳನ್ನು, ಯಾರಾದರೂ ನೋಡಿದರೆ ನಾಚಿಕೆಯಾಗುವಷ್ಟು ನಿಧಾನವಾಗಿ ಹತ್ತಿ. ಒಂದು ಇಡೀ ವಾಕ್ಯವನ್ನು ಏದುಸಿರಿಲ್ಲದೆ ಹೇಳಲು ಸಾಧ್ಯವಾಗುತ್ತಿದ್ದರೆ ವೇಗ ಸರಿಯಾಗಿದೆ, ಎರಡು ಪದಕ್ಕೊಮ್ಮೆ ಉಸಿರು ಕಡಿಯುತ್ತಿದ್ದರೆ ಹೆಚ್ಚಾಗಿದೆ. ಎದೆಬಡಿತ ಅಳೆಯುವ ಕೈಗಡಿಯಾರ ಇದ್ದವರೂ ಈ ಪರೀಕ್ಷೆಯನ್ನು ಮಾಡಬೇಕೆಂದು ನನ್ನ ಅಭಿಪ್ರಾಯ.

ತಿರುವುಗಳ ಬಗ್ಗೆ ಒಂದು ಮಾತು. ಹೇರ್‌ಪಿನ್ ತಿರುವಿನ ಒಳಅಂಚು ಗಿಡ್ಡವಾದುದರಿಂದ ಬಲು ಕಡಿದು, ಹೊರಅಂಚು ಉದ್ದವಾದುದರಿಂದ ಸೌಮ್ಯ. ನಾವು ಎಡಬದಿಯಲ್ಲಿ ಸಾಗುವವರಾದ್ದರಿಂದ, ಹತ್ತುವಾಗ ಬಲಕ್ಕೆ ಹೊರಳುವ ತಿರುವುಗಳಲ್ಲಿ ತಾನಾಗಿಯೇ ಹೊರಅಂಚು ಸಿಗುತ್ತದೆ. ಅಲ್ಲಿ ಉಸಿರು ಸುಧಾರಿಸಿಕೊಳ್ಳಬಹುದು. ಎಡಕ್ಕೆ ಹೊರಳುವ ತಿರುವುಗಳಲ್ಲಿ ಒಳಅಂಚು ನಮ್ಮ ಪಾಲಿಗೆ ಬರುತ್ತದೆ. ಅಲ್ಲಿಗೆ ತಲುಪುವ ಹತ್ತು ಹನ್ನೆರಡು ಮೀಟರಿಗೆ ಮೊದಲೇ, ಪೆಡಲು ಇನ್ನೂ ಹಗುರವಾಗಿರುವಾಗ, ಗಿಯರು ಇಳಿಸಿಕೊಳ್ಳಬೇಕು. ಭಾರ ಬಿದ್ದ ಮೇಲೆ ಬದಲಿಸಹೋದರೆ ಚೈನು ಕಟಕಟ ಎಂದು ಒದ್ದಾಡಿ ಅಲ್ಲೇ ನಿಲ್ಲಿಸುತ್ತದೆ. ಮೇಲಿನಿಂದ ಬಸ್ಸಿನ ಹಾರ್ನು ಕೇಳಿದರೆ ಮಾತ್ರ ಈ ಲೆಕ್ಕವೆಲ್ಲ ಬದಿಗಿರಲಿ. ಕಾಲು ನೆಲಕ್ಕೂರಿ ಅಂಚಿಗೆ ನಿಲ್ಲಿ. ಆ ಬಸ್ಸಿಗೆ ತಿರುವಿನ ಪೂರ್ತಿ ಅಗಲ ಬೇಕಾಗುತ್ತದೆ, ಮತ್ತು ಅದರ ಚಾಲಕರಿಗೆ ನೀವು ಅಲ್ಲಿರುವುದು ಗೊತ್ತಿರುವುದಿಲ್ಲ.

ಪ್ರಶ್ನೆ: ನನ್ನ ಯಜಮಾನರು ಪ್ರತಿ ಭಾನುವಾರ ಬೆಳಗ್ಗೆ ನಾಲ್ಕಕ್ಕೆ ಎದ್ದು ಸೈಕಲ್ಲಿನಲ್ಲಿ ಚಾರ್ಮಾಡಿಗೋ ಆಗುಂಬೆಗೋ ಹೊರಡುತ್ತಾರೆ. ಮಧ್ಯಾಹ್ನ ಬಂದು ಊಟ ಮಾಡಿ ಸಂಜೆಯವರೆಗೆ ಮಲಗುತ್ತಾರೆ. ಮನೆಯಲ್ಲಿ ಕಾರಿದೆ. ಮಲಗಲಿಕ್ಕೆ ಘಾಟಿ ಹತ್ತಬೇಕೆ? ಇದರಲ್ಲಿ ಇವರಿಗೆ ಸಿಗುವ ಸುಖವಾದರೂ ಏನು? (ಗೃಹಿಣಿ, ಸುರತ್ಕಲ್)

ಉತ್ತರ: ಅಮ್ಮಾ, ನಿಮ್ಮ ಯಜಮಾನರ ಪರವಾಗಿ ವಾದಿಸುವುದು ನನ್ನ ಕೆಲಸವಲ್ಲ. ಸಂಜೆಯ ನಿದ್ದೆಯನ್ನಂತೂ ನಾನು ಸಮರ್ಥಿಸಲಾರೆ. ಸುಖದ ಪ್ರಶ್ನೆಗೆ ಮಾತ್ರ ಉತ್ತರಿಸಲು ನೋಡುತ್ತೇನೆ.

ಚಾರ್ಮಾಡಿಯಲ್ಲಿ ಅಣ್ಣಪ್ಪ ಸ್ವಾಮಿ ಗುಡಿಯ ಬಳಿ ಒಮ್ಮೆ ಸೈಕಲ್ ನಿಲ್ಲಿಸಿ ನೀರು ಕುಡಿಯುತ್ತಿದ್ದಾಗ, ಕೈಮುಗಿಯಲು ಕಾರು ನಿಲ್ಲಿಸಿದ್ದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತ ಮಾರಾಯ್ರೆ, ಬಸ್ಸು ಉಂಟಲ್ಲ?" ಎಂದು ಕೇಳಿದ್ದರು. ಆಗ ನಗುವುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಯೋಚಿಸಿದಾಗ ಹೊಳೆದದ್ದು ಇಷ್ಟು. ಸಮತಟ್ಟಿನ ದಾರಿಯಲ್ಲಿ ಪೆಡಲು ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ಲು ತನ್ನ ಪಾಡಿಗೆ ಓಡುತ್ತಿರುತ್ತದೆ, ಮನಸ್ಸೂ ಹಾಗೆಯೇ ಎಲ್ಲೆಲ್ಲೋ ಓಡುತ್ತಿರುತ್ತದೆ. ಕಚೇರಿಯ ಕಡತ, ಮಗನ ಫೀಸು, ಸೋರುವ ಹಂಚು ಎಲ್ಲವೂ ಜೊತೆಗೆ ಬರುತ್ತವೆ. ಏರಿನಲ್ಲಿ ತುಳಿಯುವುದನ್ನು ಬಿಟ್ಟರೆ ಸೈಕಲ್ಲು ಒಂದೆರಡು ಮಾರು ದೂರದೊಳಗೆ ನಿಂತುಬಿಡುತ್ತದೆ. ಆದ್ದರಿಂದ ಮನಸ್ಸು ಬೇರೆಲ್ಲಿಗೂ ಹೋಗುವಂತಿಲ್ಲ. ಮುಂದಿನ ತಿರುವಿನವರೆಗಿನ ಇಪ್ಪತ್ತು ಮೀಟರು, ಅದರಾಚೆಗಿನ ಇಪ್ಪತ್ತು ಮೀಟರು, ಅಷ್ಟೇ ಲೋಕ. ಗಂಟೆಗೆ ಏಳು ಕಿ.ಮೀ. ವೇಗದಲ್ಲಿ ಹೋಗುವವನಿಗೆ ರಸ್ತೆಬದಿಯ ಬಂಡೆಯ ಮೇಲಿನ ಹಾವಸೆಯಿಂದ ನೀರು ತೊಟ್ಟಿಕ್ಕುವುದು ಕಾಣುತ್ತದೆ, ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿಹೋದಾಗ ಅದರ ರೆಕ್ಕೆಯ ಬುಸುಬುಸು ಸದ್ದು ಕೇಳುತ್ತದೆ, ಬಿಸಿಲಿನಿಂದ ನೆರಳಿಗೆ ಬಂದಾಗ ಮುಖಕ್ಕೆ ತಾಗುವ ತಂಪಿನ ಅಂಚು ಎಲ್ಲಿತ್ತೆಂದು ತೋರಿಸಲು ಬರುತ್ತದೆ. ಕಾರಿನ ಗಾಜಿನೊಳಗೆ ಇವು ಯಾವುವೂ ಇಲ್ಲ. ಒಂದು ಸಾವಿರ ಮೀಟರು ಮೇಲೆ ಹೋದರೆ ಗಾಳಿಯ ಉಷ್ಣತೆ ಆರು ಡಿಗ್ರಿಯಷ್ಟು ಇಳಿಯುತ್ತದೆಂದು ಶಾಲೆಯಲ್ಲಿ ಕಲಿತಿದ್ದೆವು. ಬೆವರು ಆರದ ನಮ್ಮ ಕರಾವಳಿಯ ಸೆಕೆಯಿಂದ ಹೊರಟು ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆಯ ಮುಂದೆ ಕುಳಿತವನಿಗೆ ಆ ಪಾಠ ಚರ್ಮಕ್ಕೆ ತಿಳಿಯುತ್ತದೆ.

ಈ ಹುಚ್ಚು ಹೊಸದೂ ಅಲ್ಲ, ನಮ್ಮೊಬ್ಬರದ್ದೂ ಅಲ್ಲ. ಟೂರ್ ಡಿ ಫ್ರಾನ್ಸ್ ಸ್ಪರ್ಧೆ 1903ರಲ್ಲಿ ಆರಂಭವಾಯಿತು. 1910ರಲ್ಲಿ ಸಂಘಟಕರು ಮೊದಲ ಬಾರಿಗೆ ಸವಾರರನ್ನು ಪಿರೆನೀಸ್ ಪರ್ವತಗಳ ಎತ್ತರದ ಕಣಿವೆದಾರಿಗಳಿಗೆ, 2,115 ಮೀಟರು ಎತ್ತರದ ಟೂರ್‌ಮಲೆಗೆ, ಕಳುಹಿಸಿದರು. ಕಚ್ಚಾರಸ್ತೆ, ಭಾರದ ಸೈಕಲ್ಲು. ಆ ವರ್ಷ ಸ್ಪರ್ಧೆಯನ್ನು ಗೆದ್ದ ಒಕ್ತಾವ್ ಲಾಪೀಜ್ ಆ ದಿನ ಪರ್ವತದಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗಿ, ಸಂಘಟಕರನ್ನು ಕೊಲೆಗಡುಕರೆಂದು ಬೈದದ್ದು ಪ್ರಸಿದ್ಧ. ಬೈದರೂ ಪರ್ವತಗಳನ್ನು ಕೈಬಿಡಲಿಲ್ಲ. ಇಂದು ಆ ಸ್ಪರ್ಧೆಯನ್ನು ನೋಡುವ ಜನ ಸಮತಟ್ಟಿನ ದಾರಿಗಿಂತ ಹೆಚ್ಚಾಗಿ ಪರ್ವತದ ತಿರುವುಗಳಲ್ಲಿ ಸೇರುತ್ತಾರೆ. 1952ರಲ್ಲಿ ಮೊದಲ ಬಾರಿಗೆ ಬಳಸಿದ ಆಲ್ಪ್ ದುವೇಜ್ ಏರಿಗೆ 21 ಹೇರ್‌ಪಿನ್ ತಿರುವುಗಳು, ಸುಮಾರು 14 ಕಿ.ಮೀ. ಉದ್ದ, ಸರಾಸರಿ ಎಂಟು ಶೇಕಡಾ ಏರು. ನಮ್ಮ ಆಗುಂಬೆಗೆ ಹದಿನಾಲ್ಕು ತಿರುವುಗಳು. ಎತ್ತರದಲ್ಲಿ ಅದಕ್ಕೆ ಇದು ಸಾಟಿಯಲ್ಲ, ಆದರೆ ಅಲ್ಲಿ ಸೆಕೆಯಲ್ಲಿ ನೆನೆದ ಬನಿಯನ್ನು ಮೈಗಂಟಿಸಿಕೊಂಡು ಏರಬೇಕಾಗಿಲ್ಲ ಎಂಬುದನ್ನು ನಾನು ಸ್ವಲ್ಪ ಊರಿನ ಅಭಿಮಾನದಿಂದಲೇ ಹೇಳುತ್ತೇನೆ.

ಒಂದು ಭಾನುವಾರ ನೀವು ಕಾರಿನಲ್ಲಿ ಹೊರಟು ಕೊಟ್ಟಿಗೆಹಾರದಲ್ಲಿ ಅವರಿಗಾಗಿ ಕಾಯಿರಿ. ಮೇಲೆ ಬಂದ ಕ್ಷಣದ ಮುಖವನ್ನು ನೋಡಿದರೆ ನನ್ನ ಉತ್ತರದ ಅರ್ಧ ಅನಾವಶ್ಯಕವಾದೀತು. ಹಿಂದಿರುಗುವಾಗ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಸಿಬಿಟ್ಟರೆ ಸಂಜೆಯವರೆಗಿನ ನಿದ್ದೆಯೂ ತಪ್ಪುತ್ತದೆ.

ಪ್ರಶ್ನೆ: ನನ್ನ ಸೈಕಲ್ಲಿಗೆ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರಗಳು, ಹಿಂದೆ ಅತಿ ದೊಡ್ಡದು 28 ಹಲ್ಲಿನದು. ಘಾಟಿಗೆ ಹಿಂದಿನದನ್ನು 34ಕ್ಕೆ ಏರಿಸಬೇಕೆಂದರೆ ಜೊತೆಗಾರರು "ಅದು ಮುದುಕರ ಗಿಯರು" ಎಂದು ನಗುತ್ತಾರೆ. ಏನು ಮಾಡಲಿ? (ಎಂಜಿನಿಯರಿಂಗ್ ವಿದ್ಯಾರ್ಥಿ, ಮೂಡುಬಿದಿರೆ)

ಉತ್ತರ: ಏರಿಸಿ. ನಗುವವರು ನಗಲಿ.

ಮುಂದೆ 34, ಹಿಂದೆ 28 ಇದ್ದರೆ ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ಲು ಎರಡೂವರೆ ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಹಿಂದೆಯೂ 34 ಇದ್ದರೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಮೊದಲ ಉತ್ತರದಲ್ಲಿ ಹೇಳಿದ ಆರೂವರೆ ಕಿ.ಮೀ. ವೇಗದಲ್ಲಿ, ಮೊದಲನೆಯದರಲ್ಲಿ ನಿಮಿಷಕ್ಕೆ 43 ಸಲವೂ ಎರಡನೆಯದರಲ್ಲಿ 52 ಸಲವೂ ಪೆಡಲು ತಿರುಗುತ್ತದೆ. ಒಂಬತ್ತು ಸುತ್ತುಗಳ ಈ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ, ಮೊಣಕಾಲಿಗೆ ಚಿಕ್ಕದಲ್ಲ. ಒಂದೇ ಕೆಲಸವನ್ನು ಹೆಚ್ಚು ಸುತ್ತುಗಳಲ್ಲಿ ಹಂಚಿದಾಗ ಪ್ರತಿ ಸುತ್ತಿನಲ್ಲಿ ಪೆಡಲನ್ನು ಒತ್ತಬೇಕಾದ ಬಲ ಕಡಿಮೆಯಾಗುತ್ತದೆ, ಮತ್ತು ಇನ್ನೂರು ಕಿ.ಮೀ. ಸವಾರಿಯ ಕೊನೆಯಲ್ಲಿ ಮೊಣಕಾಲು ನೆನಪಿಟ್ಟುಕೊಳ್ಳುವುದು ಆ ಬಲವನ್ನೇ. ನಮ್ಮ ಅಪ್ಪಂದಿರ ಕಾಲದ ಒಂಟಿ ಗಿಯರಿನ ಕಪ್ಪು ಸೈಕಲ್ಲುಗಳಲ್ಲಿ ಒಂದು ಸುತ್ತಿಗೆ ಐದು ಮೀಟರಿಗೂ ಹೆಚ್ಚು ದೂರ ಸಾಗಬೇಕಿತ್ತು. ಅವರು ಏರಿನಲ್ಲಿ ಇಳಿದು ತಳ್ಳುತ್ತಿದ್ದುದು ಸೋಮಾರಿತನದಿಂದಲ್ಲ.

ಗಿಯರನ್ನು ನೋಡಿ ನಗುವುದಕ್ಕೂ ದೊಡ್ಡ ಚರಿತ್ರೆಯಿದೆ. ಫ್ರಾನ್ಸಿನ ಸೇಂತ್ ಎತಿಯೆನ್ ಊರಿನಲ್ಲಿದ್ದ ಪೌಲ್ ದ ವಿವಿ ಎಂಬವರು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬದಲಿಸಬಲ್ಲ ಗಿಯರುಗಳು ದೂರದ ಸವಾರಿಗೆ ಬೇಕೇ ಬೇಕೆಂದು ವರ್ಷಗಟ್ಟಲೆ ಬರೆದರು, ತಮ್ಮ ಊರಿನ ಗುಡ್ಡಗಳಲ್ಲಿ ತಾವೇ ಹತ್ತಿ ಪರೀಕ್ಷಿಸಿದರು. ಟೂರ್ ಡಿ ಫ್ರಾನ್ಸಿನ ಸಂಘಟಕರು ಅದು ಗಂಡಸರಿಗೆ ತಕ್ಕುದಲ್ಲವೆಂಬ ಧೋರಣೆಯಲ್ಲಿದ್ದು, ಚೈನನ್ನು ಸರಿಸುವ ಡಿರೈಲರನ್ನು ಸ್ಪರ್ಧೆಯಲ್ಲಿ ಬಳಸಲು ಎಲ್ಲರಿಗೂ ಅನುಮತಿ ಕೊಟ್ಟದ್ದು 1937ರಲ್ಲಿ. ಹೀಗಾಗಿ ನಿಮ್ಮ ಜೊತೆಗಾರರು ತೊಂಬತ್ತು ವರ್ಷ ಹಿಂದಿದ್ದಾರೆ.

ಒಂದು ಎಚ್ಚರಿಕೆ. ಹಿಂದಿನ ಡಿರೈಲರು ಎಷ್ಟು ಹಲ್ಲಿನ ಚಕ್ರವನ್ನು ತಾಳುತ್ತದೆ ಎಂಬುದಕ್ಕೆ ಮಿತಿಯಿದೆ. ಅದರ ತೋಳು ಗಿಡ್ಡದಾಗಿದ್ದರೆ ಅದನ್ನೂ ಬದಲಿಸಬೇಕಾದೀತು, ಚೈನಿಗೆ ಕೆಲವು ಕೊಂಡಿಗಳನ್ನು ಸೇರಿಸಬೇಕಾದೀತು. ಅಂಗಡಿಯವರು ಇದನ್ನು ಅಳೆಯದೆ "ಕೂರುತ್ತದೆ" ಎಂದರೆ ಬೇರೆ ಅಂಗಡಿಗೆ ಹೋಗಿ.

ಪ್ರಶ್ನೆ: 200 ಕಿ.ಮೀ. ಬ್ರೆವೆಯಲ್ಲಿ ಘಾಟಿ ಬಂದಾಗ ಸೈಕಲ್ಲನ್ನು ತಳ್ಳಿಕೊಂಡು ನಡೆದರೆ ಅದು ಮೋಸವೇ? ಸಮಯವೂ ಸಾಲುತ್ತದೆಯೇ? (ಉಪನ್ಯಾಸಕಿ, ಬಂಟ್ವಾಳ)

ಉತ್ತರ: ಮೋಸವಲ್ಲ. ಬ್ರೆವೆ ಎನ್ನುವುದು ಸ್ಪರ್ಧೆಯಲ್ಲ. ನಿಗದಿಯಾದ ದಾರಿಯಲ್ಲಿ, ನಿಗದಿಯಾದ ಠಾಣೆಗಳಲ್ಲಿ ಹಾಜರಿ ಹಾಕಿಸಿಕೊಂಡು, ಸ್ವಂತ ಬಲದಿಂದ ಸಮಯದೊಳಗೆ ಮುಗಿಸಿದರೆ ಸಾಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಊಟ, ಚಹಾ, ಪಂಕ್ಚರು, ನಿದ್ದೆ ಎಲ್ಲವೂ ಈ ಗಡುವಿನ ಒಳಗೆ. ನಾನು ಸ್ವತಃ ಎಷ್ಟೋ ಸಲ ನಡೆದಿದ್ದೇನೆ. ನಡೆಯುವಾಗ ಬೆನ್ನಿಗೂ ಪೃಷ್ಠಕ್ಕೂ ಸಿಗುವ ವಿಶ್ರಾಂತಿಯನ್ನು ಲೆಕ್ಕಕ್ಕೆ ಹಿಡಿದರೆ, ಐದರ ವೇಗದಲ್ಲಿ ತೂರಾಡುತ್ತ ತುಳಿಯುವುದಕ್ಕಿಂತ ನಾಲ್ಕರ ವೇಗದಲ್ಲಿ ನೆಟ್ಟಗೆ ನಡೆಯುವುದು ಎಷ್ಟೋ ಮೇಲು. ನಡೆಯುವ ಸಾಧ್ಯತೆಯಿದ್ದರೆ ನಡೆಯಲು ಬರುವಂಥ ಬೂಟನ್ನೇ ಹಾಕಿಕೊಳ್ಳಿ, ಪೆಡಲಿಗೆ ಸಿಕ್ಕಿಸುವ ಕ್ಲೀಟು ಅಡಿಯಲ್ಲಿ ಚಾಚಿಕೊಂಡಿರುವ ಬೂಟಿನಲ್ಲಿ ಒದ್ದೆ ಡಾಮರಿನ ಮೇಲೆ ನಡೆಯುವುದು ಜಾರುಬಂಡೆಯಾಟ.

ಸಮಯದ ವಿಷಯದಲ್ಲಿ ಹಲವರು ಒಂದು ತಪ್ಪು ಮಾಡುತ್ತಾರೆ. ಹತ್ತುವಾಗ ಕಳೆದುಕೊಂಡದ್ದನ್ನು ಇಳಿಯುವಾಗ ಗಳಿಸಿಕೊಳ್ಳಬಹುದು ಎಂದು ತಿಳಿಯುತ್ತಾರೆ. ಹತ್ತು ಕಿ.ಮೀ. ಏರನ್ನು ಎಂಟರ ವೇಗದಲ್ಲಿ ಹತ್ತಿದರೆ 75 ನಿಮಿಷ ಬೇಕು. ಅದೇ ಹತ್ತು ಕಿ.ಮೀ.ಯನ್ನು ಮೂವತ್ತರ ವೇಗದಲ್ಲಿ ಇಳಿದರೆ 20 ನಿಮಿಷ. ಒಟ್ಟು 95 ನಿಮಿಷದಲ್ಲಿ 20 ಕಿ.ಮೀ., ಅಂದರೆ ಗಂಟೆಗೆ ಹನ್ನೆರಡೂವರೆಯ ಸರಾಸರಿ. 200 ಕಿ.ಮೀ. ಬ್ರೆವೆಗೆ ಬೇಕಾದ ಸರಾಸರಿ ಹದಿನೈದರ ಹತ್ತಿರ. ಇಳಿಜಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಮೂವತ್ತನ್ನು ನಲವತ್ತು ಮಾಡಿದರೆ ಉಳಿಯುವುದು ಐದು ನಿಮಿಷ. ಚಹಾದಂಗಡಿಯಲ್ಲಿ ಫೋಟೊ ತೆಗೆಯುತ್ತ ಕೂರುವುದನ್ನು ಬಿಟ್ಟರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಕೊರತೆಯನ್ನು ತುಂಬಿಕೊಳ್ಳಬೇಕಾದದ್ದು ಸಮತಟ್ಟಿನಲ್ಲಿ, ಮತ್ತು ನಿಲ್ಲುವ ಹೊತ್ತನ್ನು ಕಡಿಮೆ ಮಾಡುವುದರಲ್ಲಿ.

ಇನ್ನೊಂದು ಸಂಗತಿಯನ್ನು ಈ ಪ್ರಶ್ನೆಯ ನೆಪದಲ್ಲಿ ಹೇಳಿಬಿಡುತ್ತೇನೆ. ದೂರದ ಸವಾರಿಯಲ್ಲಿ ಜನರನ್ನು ಸೋಲಿಸುವುದು ಯಾವಾಗಲೂ ಹೆಸರಾಂತ ಘಾಟಿಯಲ್ಲ. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1,200 ಕಿ.ಮೀ. ಸವಾರಿ 1891ರಲ್ಲಿ ಮೊದಲು ನಡೆದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಕಳೆದ ಸಲ 2023ರಲ್ಲಿ ನಡೆಯಿತು. ಆ ದಾರಿಯಲ್ಲಿ ಆಲ್ಪ್ಸ್ ಇಲ್ಲ, ಪಿರೆನೀಸ್ ಇಲ್ಲ. ಸಣ್ಣ ಸಣ್ಣ ದಿಬ್ಬಗಳೇ ಏರಿ ಇಳಿದು, ಇಳಿದು ಏರಿ, ಕೊನೆಗೆ ಕೂಡಿಸಿ ನೋಡಿದರೆ ಹತ್ತು ಸಾವಿರ ಮೀಟರನ್ನೂ ಮೀರಿದ ಏರು ಆಗಿರುತ್ತದೆ. ನಿಮ್ಮ ಬಂಟ್ವಾಳದಿಂದ ಮೂಡುಬಿದಿರೆಗೆ, ಅಲ್ಲಿಂದ ಕಾರ್ಕಳಕ್ಕೆ, ಅಲ್ಲಿಂದ ಬೆಳ್ತಂಗಡಿಗೆ ಹೋಗುವ ದಾರಿಗಳ ಸ್ವಭಾವವೂ ಅದೇ. ತೋಡಿಗೆ ಇಳಿ, ಪದವಿಗೆ (ಗುಡ್ಡದ ಮೇಲಿನ ಬಯಲಿಗೆ) ಹತ್ತು, ಮತ್ತೆ ತೋಡಿಗೆ ಇಳಿ. ಘಾಟಿಯಲ್ಲಿ ಒಂದು ಲಯ ಹಿಡಿಯಬಹುದು, ಇಲ್ಲಿ ಅದೂ ಸಿಗುವುದಿಲ್ಲ. ನಿಮ್ಮ ಮನೆಯ ಸುತ್ತಮುತ್ತ ಇಷ್ಟು ಒಳ್ಳೆಯ ಶಾಲೆಯಿರುವಾಗ ಅಭ್ಯಾಸಕ್ಕೆ ಪ್ರತಿ ವಾರ ಘಟ್ಟದ ಬುಡಕ್ಕೆ ಹೋಗುವ ಅಗತ್ಯವಿಲ್ಲ.

ಪ್ರಶ್ನೆ: ಹತ್ತುವುದಕ್ಕಿಂತ ಇಳಿಯುವುದೇ ನನಗೆ ಭಯ. ಬ್ರೇಕನ್ನು ಹೇಗೆ ಬಳಸಬೇಕು? ಮಳೆಗಾಲದಲ್ಲಿ ಹೋಗಬಹುದೇ? (ಓದುಗರೊಬ್ಬರು, ಹೆಬ್ರಿ)

ಉತ್ತರ: ಭಯ ಇರಲಿ, ಅದು ಉಪಯೋಗಕ್ಕೆ ಬರುತ್ತದೆ. ಭಯವಿಲ್ಲದೆ ಇಳಿದ ಒಂದು ದಿನದ ಕಥೆಯನ್ನು ಹೇಳುತ್ತೇನೆ.

ಆಗುಂಬೆಗೆ ನಾನು ಮೊದಲ ಸಲ ಹತ್ತಿದ ದಿನ, ಹತ್ತಿದ ಸಂತೋಷದಲ್ಲಿ ಇಳಿಯುವುದರ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಹಿಂದಿನ ದಿನ ಸೈಕಲ್ಲನ್ನು ಒಂದು ಅಂಗಡಿಗೆ ಕೊಟ್ಟು ಪೂರ್ತಿ ನೋಡಿಕೊಡಿ ಎಂದಿದ್ದೆ. ಅವರು ಚೈನಿಗೆ ಎಣ್ಣೆ ಹಾಕಿ ಫಳಫಳ ಹೊಳೆಸಿದ್ದರು, ಬ್ರೇಕಿನ ರಬ್ಬರು ಸವೆದು ತೆಳ್ಳಗಾಗಿದ್ದುದನ್ನು ಅವರೂ ನೋಡಿರಲಿಲ್ಲ, ನಾನೂ ನೋಡಲಿಲ್ಲ. ಮೇಲಿನ ನಾಲ್ಕೈದು ತಿರುವುಗಳನ್ನು ಎರಡೂ ಬ್ರೇಕುಗಳನ್ನು ಒಂದೇ ಸಮನೆ ಅರ್ಧ ಹಿಡಿದುಕೊಂಡು ಇಳಿದೆ. ಬೆರಳುಗಳು ಸೆಟೆದವು. ಸುಟ್ಟ ರಬ್ಬರಿನ ವಾಸನೆ ಬಂದಾಗ ಮುಂದೆ ಹೋಗುತ್ತಿದ್ದ ಕಾರಿನದ್ದೆಂದು ತಿಳಿದೆ. ಮುಂದಿನ ತಿರುವಿನಲ್ಲಿ ಕಬ್ಬಿಣ ಉಜ್ಜಿದ ಕಿರ್ ಎಂಬ ಸದ್ದು ಬಂತು, ಲಿವರು ಹ್ಯಾಂಡಲಿಗೆ ತಾಗುವಷ್ಟು ಒಳಗೆ ಹೋಯಿತು, ಸೈಕಲ್ಲು ಮಾತ್ರ ನಿಲ್ಲಲಿಲ್ಲ. ಗುಡ್ಡದ ಬದಿಯ ಚರಂಡಿಯಲ್ಲಿ ಒಣ ಎಲೆ ರಾಶಿ ಬಿದ್ದಿತ್ತು, ಬೇಕೆಂದೇ ಅದಕ್ಕೆ ನುಗ್ಗಿಸಿದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಎದ್ದವನು ಏನಾಯಿತೆಂದು ನೋಡಲು ರಿಮ್ಮನ್ನು ಬೆರಳಿನಿಂದ ಮುಟ್ಟಿ, ಬೆರಳಿಗೆ ಬೊಬ್ಬೆ ಬರಿಸಿಕೊಂಡದ್ದು ಆ ದಿನದ ನಿಜವಾದ ಗಾಯ. ಉಳಿದ ತಿರುವುಗಳನ್ನು ನಡೆದೇ ಇಳಿದೆ.

ಆ ಬೊಬ್ಬೆಗೆ ಕಾರಣವಿದೆ. 80 ಕಿಲೋ ಭಾರ ಐನೂರು ಮೀಟರು ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಒಂದು ಲೀಟರು ನೀರನ್ನು ಕುದಿಸಿ ಮಿಕ್ಕುವಷ್ಟು. ವೇಗವಾಗಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಗಾಳಿ ಹೀರಿಕೊಳ್ಳುತ್ತದೆ, ಮೆಲ್ಲಗೆ ಬ್ರೇಕು ಹಿಡಿದೇ ಇಳಿದರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿಗೇ ಬರುತ್ತದೆ. ಆದ್ದರಿಂದ ಸದಾ ಅರ್ಧ ಹಿಡಿಯುವ ಬದಲು, ನೇರ ದಾರಿಯಲ್ಲಿ ಬಿಟ್ಟು, ತಿರುವಿಗೆ ಸಾಕಷ್ಟು ಮೊದಲೇ ಎರಡನ್ನೂ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಹೋಗುವಷ್ಟರಲ್ಲಿ ಬಿಟ್ಟುಬಿಡಬೇಕು. ತಿರುವಿನ ನಡುವೆ ಬ್ರೇಕು ಹಿಡಿಯಬೇಕಾಗಿ ಬಂತೆಂದರೆ ಒಳಗೆ ಬಂದ ವೇಗವೇ ಹೆಚ್ಚಾಯಿತೆಂದು ಅರ್ಥ. ಡಿಸ್ಕ್ ಬ್ರೇಕು ಒದ್ದೆಯಲ್ಲಿ ಉತ್ತಮ, ಆದರೆ ಅದೂ ಕಾಯುತ್ತದೆ. ನಡುವೆ ಒಂದೆರಡು ಕಡೆ ನಿಂತು ನೋಟ ನೋಡುವ ನೆಪದಲ್ಲಿ ತಣಿಯಲು ಬಿಡಿ. ಬೆವರಿದ ಮೈಯಲ್ಲಿ ಇಳಿಯುವಾಗ ಬೆರಳು ಮರಗಟ್ಟಿ ಬ್ರೇಕು ಹಿಡಿಯಲಾಗದಂತಾಗುವುದೂ ಉಂಟು, ಹಾಗಾಗಿ ತೆಳುವಾದ ಗಾಳಿಯಂಗಿಯೊಂದು ಜೇಬಿನಲ್ಲಿರಲಿ.

ಮಳೆಗಾಲದಲ್ಲಿ ಹೋಗಬೇಡಿ. ಇದರಲ್ಲಿ ನಾನು ಹಠವಾದಿ. ದಕ್ಷಿಣದ ಚಿರಾಪುಂಜಿ ಎಂದು ಕರೆಸಿಕೊಂಡ ಆಗುಂಬೆಯ ರಸ್ತೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಂಜು, ಪಾಚಿ, ಬಿದ್ದ ಕೊಂಬೆ, ಜರಿದ ಮಣ್ಣು ಎಲ್ಲವೂ ಒಟ್ಟಿಗೆ ಇರುತ್ತವೆ. 2018ರ ಆಗಸ್ಟಿನಲ್ಲಿ ಸಂಪಾಜೆಯ ಮೇಲಿನ ಜೋಡುಪಾಲದ ಕಡೆ ಗುಡ್ಡವೇ ಜಾರಿ ಬಂದದ್ದನ್ನು, 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದನ್ನು ಇಲ್ಲಿಯವರು ಮರೆತಿರಲಾರರು. ಹಸಿರು ನೋಡಬೇಕೆಂದಿದ್ದರೆ ನವೆಂಬರಿನಲ್ಲಿ ಹೋಗಿ, ಆಗಲೂ ಸಾಕಷ್ಟು ಉಳಿದಿರುತ್ತದೆ.

ಪ್ರಶ್ನೆ: ನಾನು ನಿವೃತ್ತ, 63 ವರ್ಷ. ಯಾವ ಘಾಟಿಯಿಂದ ಆರಂಭಿಸಲಿ? ಮಂಗಳೂರಿನಲ್ಲೇ ಅಭ್ಯಾಸ ಮಾಡಲು ಏರು ಎಲ್ಲಿದೆ? (ಓದುಗರೊಬ್ಬರು, ಕಾವೂರು)

ಉತ್ತರ: ಘಾಟಿಯನ್ನು ಆಮೇಲೆ ನೋಡೋಣ. ಮೊದಲು ವೈದ್ಯರಲ್ಲಿ ಎದೆ ಪರೀಕ್ಷೆ ಮಾಡಿಸಿಕೊಳ್ಳಿ. ಇದು ವಯಸ್ಸಾಯಿತೆಂಬ ಹೀಗಳಿಕೆಯಲ್ಲ, ಏರಿನಲ್ಲಿ ಹೃದಯಕ್ಕೆ ನಡುವೆ ಬಿಡುವು ಸಿಗುವುದಿಲ್ಲವೆಂಬ ಕಾರಣಕ್ಕೆ ಹೇಳುವ ಮಾತು.

ಏರನ್ನು ಹುಡುಕಿಕೊಂಡು ನೀವು ಹೆಚ್ಚು ದೂರ ಹೋಗಬೇಕಾಗಿಲ್ಲ. ಕಾವೂರಿನಿಂದ ಮರವೂರು ಸೇತುವೆ ದಾಟಿದರೆ ಕೆಂಜಾರಿನಿಂದ ವಿಮಾನ ನಿಲ್ದಾಣಕ್ಕೆ ಹತ್ತುವ ರಸ್ತೆಯಿದೆ. ಗುಡ್ಡದ ನೆತ್ತಿಯನ್ನು ತಟ್ಟೆಯಂತೆ ಸವರಿ ಕಟ್ಟಿದ ನಿಲ್ದಾಣವಾದ್ದರಿಂದ ಅಲ್ಲಿಗೆ ಹೋಗುವ ದಾರಿ ಹತ್ತದೆ ವಿಧಿಯಿಲ್ಲ. ಬೆಳಗ್ಗೆ ಆರಕ್ಕೆ ಮೊದಲು, ಟ್ಯಾಕ್ಸಿಗಳ ಓಡಾಟ ಹೆಚ್ಚುವುದಕ್ಕಿಂತ ಮುಂಚೆ, ಒಮ್ಮೆ ಹತ್ತಿ ಇಳಿಯಿರಿ. ಮುಂದಿನ ವಾರ ಎರಡು ಸಲ, ಅದರ ಮುಂದಿನ ವಾರ ಮೂರು ಸಲ. ಬೇಸರ ಬಂದರೆ ವಾಮಂಜೂರಿನ ಕಡೆಯಿಂದ ಪಿಲಿಕುಳಕ್ಕೆ ಹೋಗುವ ದಾರಿಯಿದೆ. ಉಡುಪಿಯ ಓದುಗರಿಗೆ ಕಲ್ಸಂಕದಿಂದ ಇಂದ್ರಾಳಿ ದಾಟಿ ಮಣಿಪಾಲಕ್ಕೆ ಹತ್ತುವ ರಸ್ತೆ ಇದೇ ಕೆಲಸಕ್ಕೆ ಬರುತ್ತದೆ, ವಾಹನಗಳ ಕಾಟ ಮಾತ್ರ ಹೆಚ್ಚು.

ಮೊಣಕಾಲಿನ ಮುಂಭಾಗದಲ್ಲಿ ನೋವು ಕಂಡರೆ ಸೀಟು ತಗ್ಗಾಗಿದೆಯೇ ಎಂದು ಮೊದಲು ನೋಡಿ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ತೀರಾ ಕೆಳಕ್ಕೆ ತಂದಾಗ ಕಾಲು ನೆಟ್ಟಗಾಗಬೇಕು. ಹಾಗಿದ್ದರೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಬೇಕಾದಷ್ಟೇ ಬಾಗಿರುತ್ತದೆ.

ಘಾಟಿಗಳಲ್ಲಿ ನಿಮಗೆ ನಾನು ಮೊದಲು ಸೂಚಿಸುವುದು ಚಾರ್ಮಾಡಿ. ಉದ್ದ ಹೆಚ್ಚು, ಕಡಿದು ಕಡಿಮೆ, ಉಜಿರೆಯಲ್ಲಿ ಉಳಿದುಕೊಂಡು ಬೆಳಗ್ಗೆ ಹೊರಟರೆ ಬಿಸಿಲೇರುವ ಮೊದಲು ಮೇಲಿರಬಹುದು. ಸಂಪಾಜೆಯಿಂದ ಸುಮಾರು 1,150 ಮೀಟರು ಎತ್ತರದ ಮಡಿಕೇರಿಗೆ ಹತ್ತುವ ದಾರಿಯೂ ಸೌಮ್ಯವೇ, ಆದರೆ ಅಲ್ಲಿ ಮುಗಿಯಿತೆಂದುಕೊಂಡ ಮೇಲೂ ಏರು ಮುಗಿದಿರುವುದಿಲ್ಲ. ಮಾಳದಿಂದ ಎಸ್.ಕೆ. ಬಾರ್ಡರಿಗೆ (ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿಗೆ) ಹೋಗುವ ಕುದುರೆಮುಖದ ದಾರಿ ನನಗೆ ಎಲ್ಲಕ್ಕಿಂತ ಇಷ್ಟ. ಅದು ರಾಷ್ಟ್ರೀಯ ಉದ್ಯಾನದ ಕಾಡಾದ್ದರಿಂದ ಚೆಕ್‌ಪೋಸ್ಟಿನ ನಿಯಮಗಳನ್ನು ವಿಚಾರಿಸಿಕೊಂಡು ಹಗಲಿನಲ್ಲಿಯೇ ದಾಟಬೇಕು. ಸುಮಾರು 650 ಮೀಟರು ಎತ್ತರದ ಆಗುಂಬೆ ಗಿಡ್ಡವಾದರೂ ಕಡಿದಾದದ್ದು, ಮೂರನೆಯದೋ ನಾಲ್ಕನೆಯದೋ ಆಗಿರಲಿ. ಕುಂದಾಪುರದ ಕಡೆಯ ಹುಲಿಕಲ್ ಘಾಟಿ ಅದಕ್ಕೂ ಆಮೇಲೆ. ಶಿರಾಡಿಗೆ ಹೋಗುವುದೇ ಬೇಡ. ಬಂದರಿಗೆ ಹೋಗಿ ಬರುವ ಲಾರಿ ಟ್ಯಾಂಕರುಗಳ ಆ ರಸ್ತೆಯಲ್ಲಿ ಸೈಕಲ್ಲಿನವನಿಗೆ ಉಸಿರಾಡಲು ಸಿಗುವುದು ಡೀಸೆಲ್ ಹೊಗೆ ಮಾತ್ರ.

ವಿಮಾನ ನಿಲ್ದಾಣದ ಏರನ್ನು ಒಂದೇ ಬೆಳಗ್ಗೆ ನಾಲ್ಕು ಸಲ, ಮಾತಾಡುವಷ್ಟು ಉಸಿರು ಉಳಿಸಿಕೊಂಡು ಹತ್ತಲು ಸಾಧ್ಯವಾದ ದಿನ ಮತ್ತೊಂದು ಪತ್ರ ಬರೆಯಿರಿ. ಉಜಿರೆಯಿಂದ ಎಷ್ಟು ಗಂಟೆಗೆ ಹೊರಡಬೇಕೆಂಬುದನ್ನು ಆಗ ಹೇಳುತ್ತೇನೆ.